ಮೂರು ದಿನದ ಒಳ್ಳೆಯ ಸೊಸೆ

ಅತ್ತೆಯ ಹೊಟ್ಟೆನೋವಿಗೆ ನಮ್ಮ ಮನೆಯಲ್ಲಿ ಒಂದೇ ಕಾರಣವಿತ್ತು: ನನ್ನ ರೊಟ್ಟಿ. ಮದುವೆಯಾಗಿ ಉಣಕಲ್ಲಿಗೆ ಬಂದ ಮೊದಲ ವಾರವೇ ಅವರು ನಾನು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ರೊಟ್ಟಿ ಅಲ್ಲವಾ, ಹಾಸಗಲ್ಲು. ಹೊಟ್ಟ್ಯಾಗ ಹೋಗಿ ಹಂಗ ಕುಂದರತೈತಿ" ಎಂದಿದ್ದರು. ಸುಮ್ಮನೆ ಅನ್ನಿಸಿಕೊಳ್ಳುವ ಜಾಯಮಾನ ನನ್ನದೂ ಅಲ್ಲ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ರುಬ್ಬಿದ ರಂಜಕವನ್ನು ಅವರು ಬೆಳಿಗ್ಗೆ ಎದ್ದ ಕೂಡಲೇ ತಂಗಳ ರೊಟ್ಟಿಗೆ ಬಳಿದುಕೊಂಡು ತಿನ್ನುತ್ತಿದ್ದರು. "ಇಷ್ಟು ಖಾರ ತಿಂದ್ರ ಕಲ್ಲಿಗೂ ಉರಿ ಬರತೈತ್ರಿ ಅತ್ತಿ" ಎನ್ನುತ್ತಿದ್ದೆ. ಹೀಗೆ ಏಳು ವರ್ಷ ಅವರು ರೊಟ್ಟಿಯನ್ನು ಬೈದರು, ನಾನು ರಂಜಕವನ್ನು ಬೈದೆ. ನೋವು ಹೆಚ್ಚಾದಾಗ ಒಂದು ಲೋಟ ನೀರಿಗೆ ಅಡಿಗೆ ಸೋಡಾ ಹಾಕಿ ಗಟಗಟ ಕುಡಿದು, ದೊಡ್ಡದಾಗಿ ತೇಗಿ, ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತನಾಗಿದ್ದ ನನ್ನ ಗಂಡ ನಮ್ಮಿಬ್ಬರ ನಡುವೆ ಬಾಯಿ ಹಾಕುವಷ್ಟು ಹುಚ್ಚನಾಗಿರಲಿಲ್ಲ.

ನಾನು ಕೇಶ್ವಾಪುರದ ಒಂದು ಚಿಕ್ಕ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ದವಾಖಾನೆಗಳಿಂದ ಬರುವ ರೋಗಿಗಳ ಮಾಂಸದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕುವುದು ನನ್ನ ಕೆಲಸ. ಇಷ್ಟು ತೆಳ್ಳಗೆ ಕೊಯ್ಯುವ ಕೈ ರೊಟ್ಟಿಯನ್ನೇಕೆ ಅಷ್ಟು ದಪ್ಪ ಬಡಿಯುತ್ತದೋ ಎಂದು ಗಂಡ ಕಾಡಿಸುತ್ತಿದ್ದ. ಸ್ಲೈಡ್ ಓದುವವರು ಡಾಕ್ಟರು. ದಿನಾ ಮಧ್ಯಾಹ್ನ ಧಾರವಾಡದಿಂದ ಬರುತ್ತಿದ್ದರು. ಬಣ್ಣ ಸರಿಯಾಗಿ ಹತ್ತಿದೆಯೋ ಇಲ್ಲವೋ ಎಂದು ನಾನು ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿ ಟ್ರೇಯಲ್ಲಿಡಬೇಕು, ಅಷ್ಟೇ. ಆದರೆ ವರ್ಷಗಟ್ಟಲೆ ಇಣುಕಿದವಳಿಗೆ ಅರ್ಧ ವಿದ್ಯೆ ಬಂದೇ ಬರುತ್ತದೆ. ಆ ಅರ್ಧ ವಿದ್ಯೆ ನನ್ನನ್ನು ಎಷ್ಟು ಕುಣಿಸಿತೆಂದು ನೆನೆದರೆ ಈಗ ನಗು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಅತ್ತೆಗೆ ಸೋಡಾ ನೀರೂ ಕೆಲಸ ಮಾಡದಂತಾಯಿತು. ಉಂಡದ್ದು ನಿಲ್ಲುತ್ತಿರಲಿಲ್ಲ, ಬಳೆಗಳು ಮೊಳಕೈವರೆಗೆ ಸರಿಯುತ್ತಿದ್ದವು. ದವಾಖಾನೆಯಲ್ಲಿ ಗಂಟಲೊಳಗೆ ನಳಿಗೆ ಇಳಿಸಿ ಹೊಟ್ಟೆ ನೋಡಿದರು, ಒಳಪದರದ ನಾಲ್ಕು ಚೂರು ಚಿವುಟಿ ತೆಗೆದರು. "ಹಾವು ನುಂಗಿದಂಗಾತವಾ" ಎನ್ನುತ್ತ ಅತ್ತೆ ಹೊರಗೆ ಬಂದರು. ಚೂರುಗಳ ಬಾಟಲಿ ನಮ್ಮ ಲ್ಯಾಬಿಗೇ ಬಂತು. ನಾನೇ ನಂಬರ್ ಬರೆದೆ, ನಾನೇ ಕೊಯ್ದೆ, ನಾನೇ ಬಣ್ಣ ಹಾಕಿದೆ. ಡಾಕ್ಟರು ಮಾತ್ರ ಸಂಬಂಧಿಕರ ಮದುವೆಗೆಂದು ಮೂರು ದಿನ ಊರಲ್ಲಿರಲಿಲ್ಲ.

ಇಣುಕಬಾರದಿತ್ತು, ಇಣುಕಿದೆ. ಆರೋಗ್ಯವಾಗಿರುವ ಹೊಟ್ಟೆಯ ಒಳಪದರದಲ್ಲಿ ಜೀವಕೋಶಗಳು ಶಿಸ್ತಾಗಿ ಸಾಲು ಹಿಡಿದು ನಿಂತಿರುತ್ತವೆ, ಒಂದೊಂದರ ತಲೆಯ ಮೇಲೂ ಲೋಳೆ ತುಂಬಿದ ಬಟ್ಟಲು. ಇಲ್ಲಿ ಬಟ್ಟಲುಗಳು ಬರಿದಾಗಿದ್ದವು. ಕೋಶಗಳ ಒಳಗಿನ ಬೀಜಗಳು ದಪ್ಪವಾಗಿ, ಕಪ್ಪಾಗಿ, ಒಂದರ ಮೇಲೊಂದು ಮುಗಿಬಿದ್ದಿದ್ದವು. ಕೆಟ್ಟ ರಿಪೋರ್ಟ್ ಬಂದ ಸ್ಲೈಡುಗಳಲ್ಲಿ ಇಂಥವನ್ನು ನಾನು ನೋಡಿದ್ದೆ. ಕ್ಯಾನ್ಸರ್ ಎಂದು ನಾನೇ ತೀರ್ಪು ಕೊಟ್ಟುಬಿಟ್ಟೆ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ನಾನು ಊರಿಗೇ ಒಳ್ಳೆಯ ಸೊಸೆಯಾದೆ. ಕೇಳದೆಯೇ ಗಂಜಿ ಮಾಡಿಕೊಟ್ಟೆ, ಕಾಲು ಒತ್ತಿದೆ, ಅವರ ಸೀರೆಗೆ ಇಸ್ತ್ರಿ ಹಾಕಿದೆ. ಎರಡನೆಯ ದಿನ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ, "ಇವತ್ತೂ ಹಾಸಗಲ್ಲ ಬಡದಿ" ಎಂದರು. "ಹೌದ್ರಿ ಅತ್ತಿ, ನಾಳಿ ತೆಳ್ಳಗ ಬಡೀತೇನಿ" ಎಂದೆ. ಅವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತ ಕೂತರು.

ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಒಳಗೆ ಕರೆದರು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದು ಟ್ರಂಕು ಬಿಚ್ಚಿ, ತಮ್ಮ ಬಂಗಾರದ ಬೋರಮಾಳ ಸರವನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಇದನ್ನ ನೀ ಇಟ್ಕೊ. ಏಳು ವರ್ಷ ಎದುರು ಮಾತಾಡಿದಾಕಿ ಮೂರು ದಿನದಿಂದ ಎಲ್ಲಾದಕ್ಕೂ ಹೂಂ ಅನ್ನಾಕತ್ತಿ. ನನಗ ತಿಳೀತು. ಎಷ್ಟು ದಿನ ಉಳದಾವು, ಖರೇ ಹೇಳು."

"ರಿಪೋರ್ಟ್ ಇನ್ನೂ ಬಂದಿಲ್ರಿ" ಎಂದಷ್ಟೇ ಹೇಳಿ ಬಸ್ಸಿಗೆ ಓಡಿದೆ. ಬೋರಮಾಳ ಸೆರಗಿನ ಗಂಟಿನಲ್ಲೇ ಉಳಿಯಿತು. ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ಇವರು ಹೋದರೆ ನಾನು ಯಾರ ಜೊತೆ ಜಗಳ ಆಡಲಿ? ಏಳು ವರ್ಷದಲ್ಲಿ ಆ ಮುದುಕಿ ನನಗೆ ತಾಯಿಯಷ್ಟೇ ಬೇಕಾದವರಾಗಿದ್ದರು, ಅದು ಗೊತ್ತಾಗಲು ಒಂದು ಸ್ಲೈಡು ಬೇಕಾಯಿತು.

ಮಧ್ಯಾಹ್ನ ಡಾಕ್ಟರು ಬಂದ ಕೂಡಲೇ ಆ ಸ್ಲೈಡನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಇಣುಕಿದ್ದನ್ನೂ ಒಪ್ಪಿಕೊಂಡೆ. ಅವರು ಸಿಟ್ಟು ಮಾಡಲಿಲ್ಲ. ಬಹಳ ಹೊತ್ತು ನೋಡಿದರು. ಇನ್ನೊಂದು ಬಣ್ಣ ಹಾಕಿಸಿ ಮತ್ತೆ ನೋಡಿದರು. ಆಮೇಲೆ ಎದ್ದು ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು.

"ಮ್ಯಾಲಿನ ಲೋಳಿಯೊಳಗ ನೋಡ್ರಿ. ಸೊಟ್ಟನ್ನ ಸಣ್ಣ ಸಣ್ಣ ಕಡ್ಡಿ ಕಾಣ್ತಾವೇನು?"

ಕಂಡವು. ನೀಲಿ ಬಣ್ಣದ ಚಿಕ್ಕ ಚಿಕ್ಕ ಬಾಗಿದ ಕಡ್ಡಿಗಳು, ಕೋಶಗಳ ನೆತ್ತಿಗೆ ಅಂಟಿಕೊಂಡು ಹಿಂಡುಹಿಂಡಾಗಿ.

"ಅವು ಬ್ಯಾಕ್ಟೀರಿಯಾ. ಹೊಟ್ಟಿಯೊಳಗಿನ ಆ್ಯಸಿಡ್‌ನ್ಯಾಗ ಏನೂ ಬದುಕಂಗಿಲ್ಲ ಅಂತ ನಾವು ಕಲಿಯೋ ಮುಂದ ಹೇಳ್ತಿದ್ರು. ಇದು ತನ್ನ ಸುತ್ತಲಿನ ಹುಳಿ ತಾನ ಮುರಕೊಂಡು, ಲೋಳಿಯೊಳಗ ಮನಿ ಮಾಡ್ತದ. ಇದರ ವಿಷಕ್ಕ ಮ್ಯಾಲಿನ ಕೋಶ ಸಾಯ್ತಾವ. ಆ ಜಾಗಾ ತುಂಬಲಿಕ್ಕೆ ಹೊಸಾವು ಗಡಿಬಿಡಿಲೆ ಹುಟ್ಟತಾವ. ಗಡಿಬಿಡಿಲೆ ಕಟ್ಟಿದ ಗೋಡಿ ಸೊಟ್ಟ ಇರ್ತದ. ನೀವು ಅಂಜಿದ್ದು ಅದನ್ನ ನೋಡಿ."

"ಅಂದ್ರ ಕ್ಯಾನ್ಸರ್ ಅಲ್ಲೇನ್ರಿ ಸರ್?"

"ಅಲ್ಲ. ಸೊಟ್ಟ ಇದ್ರೂ ತಮ್ಮ ಸಾಲಿನ್ಯಾಗ ನಿಂತಾವ, ಗೆರಿ ದಾಟಿ ಕೆಳಗ ಇಳಿದಿಲ್ಲ. ಆದ್ರ ಹಂಗ ಬಿಟ್ರ ಮುಂದ ಎಂದರ ಒಂದಿನ ದಾಟಬಹುದು. ಎರಡು ವಾರ ಗುಳಿಗಿ ತೊಗೊಳ್ಳಲಿ. ಒಂದೆರಡು ತಿಂಗಳು ಬಿಟ್ಟು ಮತ್ತ ನೋಡೋಣ."

ಅಲ್ಲೇ ಸ್ಟೂಲಿನ ಮೇಲೆ ಕೂತು ಅಳತೊಡಗಿದೆ, ಅಳುತ್ತಲೇ ನಕ್ಕೆ. ರೊಟ್ಟಿಯೂ ಅಲ್ಲ, ರಂಜಕವೂ ಅಲ್ಲ! ಏಳು ವರ್ಷ ನಾವಿಬ್ಬರೂ ಸುಳ್ಳು ಸಾಕ್ಷಿ ಹಿಡಿದುಕೊಂಡು ವಾದ ಮಾಡಿದ್ದೆವು.

ಅಂದು ರಜೆ ಹಾಕಿ ಬೇಗ ಮನೆಗೆ ಹೋದೆ. ಎಲ್ಲ ಕೇಳಿದ ಅತ್ತೆ, "ಹುಳಾನ? ಬರೇ ಹುಳಾನ?" ಎಂದರು. ಆಮೇಲೆ ಕೈ ಚಾಚಿದರು.

"ಬೋರಮಾಳ ಇಲ್ಲಿ ತಾ."

ಸೆರಗಿನ ಗಂಟು ಬಿಚ್ಚಿ ಕೊಟ್ಟೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರಿಗೆ ನಗುವಾಗಲೂ ನೋಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ.

ಎರಡು ವಾರ ಗುಳಿಗೆ ನುಂಗುವುದರೊಳಗೆ ನನ್ನ ಜೀವ ಹಿಂಡಿದರು. ಬಾಯೆಲ್ಲ ಕಬ್ಬಿಣ ನೆಕ್ಕಿದಂಗ ಆಗೈತಿ ಎಂದು ದಿನಾ ಗೊಣಗಾಟ. ಹುಳ ಹೋಗುವವರೆಗೆ ರಂಜಕ ಬೇಡವೆಂದು ನಾನು ಅದರ ಜಾಡಿಯನ್ನು ಬಚ್ಚಿಟ್ಟಿದ್ದೆ. ನಿಧಾನಕ್ಕೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲತೊಡಗಿತು, ಬಳೆ ಮುಂಗೈಯಲ್ಲಿ ನಿಂತವು. ಅಂಜಿಕೆ ಮಾತ್ರ ಇನ್ನೂ ಹೋಗಿರಲಿಲ್ಲ. ನಾನು ಎಂದಾದರೂ ಮೆತ್ತಗೆ ಮಾತಾಡಿದರೆ ಅವರ ಕೈ ತಾನಾಗಿಯೇ ಸೊಂಟದ ಕೀಲಿಗೆ ಹೋಗುತ್ತಿತ್ತು. "ಯಾಕ, ಮತ್ತೇನರ ಕಂಡೀಯೇನು?" ಎಂದು ಕೇಳುತ್ತಿದ್ದರು.

ಎರಡು ತಿಂಗಳ ಮೇಲೆ ಮತ್ತೆ ನಳಿಗೆ ಇಳಿಸಿದರು, ಮತ್ತೆ ಚೂರುಗಳು ಬಂದವು. ಈ ಸಲ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಸ್ಲೈಡನ್ನು ಟ್ರೇಯಲ್ಲಿಟ್ಟೆ. ಡಾಕ್ಟರು ನೋಡಿ, ನನ್ನನ್ನು ಕರೆದು ತೋರಿಸಿದರು. ಒಂದು ಕಡ್ಡಿಯೂ ಇರಲಿಲ್ಲ. ಕೋಶಗಳು ಮತ್ತೆ ಸಾಲು ಹಿಡಿದು ನಿಂತಿದ್ದವು, ತಲೆಯ ಮೇಲೆ ತುಂಬಿದ ಬಟ್ಟಲು ಹೊತ್ತುಕೊಂಡು. ಅಷ್ಟು ಚೆಂದದ ಸ್ಲೈಡನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಬಸ್ಸಿನಲ್ಲಿ ಕೂತು ಹೇಗೆ ಹೇಳಲಿ ಎಂದು ಒಳ್ಳೊಳ್ಳೆಯ ಮಾತುಗಳನ್ನು ಹೊಂದಿಸಿಕೊಂಡೆ. ಉಣಕಲ್ಲಿನಲ್ಲಿ ಇಳಿದು ನಮ್ಮ ಓಣಿಗೆ ತಿರುಗಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ಮುಖ ಬಿಗಿದಿದೆ, ಕೈ ಆಗಲೇ ಕೀಲಿಯ ಮೇಲಿದೆ. ನನ್ನ ಮೊದಲ ಮಾತಿಗೆ ಕಾಯುತ್ತಿದ್ದಾರೆ. ಹೊಂದಿಸಿಕೊಂಡ ಒಳ್ಳೆಯ ಮಾತುಗಳನ್ನು ಅಲ್ಲೇ ನುಂಗಿದೆ. ಅಂಗಳದ ಹಗ್ಗದ ಮೇಲೆ ಬಟ್ಟೆ ಹಾಗೇ ಇದ್ದವು, ಹನಿ ಶುರುವಾಗಿತ್ತು.

"ಏನ್ರಿ ಅತ್ತಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. "ಮಳಿ ಬರಾಕತ್ತೈತಿ, ಅರಿವಿ ಒಳಗ ತರಬೇಕು ಅನ್ನೋದು ತಿಳಿಯಂಗಿಲ್ಲೇನ್ರಿ? ಗ್ವಾಡಿ ಹಂಗ ನಿಂತೀರಲ್ಲ!"

ಅತ್ತೆಯ ಕೈ ಕೀಲಿಯಿಂದ ಕೆಳಗಿಳಿಯಿತು. ಮುಖ ಅರಳಿತು.

"ಹಂಗಾರ ಹುಳಾ ಸತ್ತೂ ಅನ್ನು" ಎಂದರು. "ರಂಜಕದ ಜಾಡಿ ಎಲ್ಲಿ ಇಟ್ಟೀ?"