ಕಾಂಚನಳ ಕೈಗೆ ಗಾಜಿನ ಬಳೆ

ಶೇಡಬಾಳದ ಬಳೆಗಾರ್ತಿ ಸೋನಾಬಾಯಿಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ, ಕೈ ಮಾತ್ರ ಮರೆಯುವುದಿಲ್ಲ. ನಲವತ್ತು ವರ್ಷದಿಂದ ಊರೂರು ತಿರುಗಿ ಬಳೆ ಇಡಿಸುತ್ತಿದ್ದಾಳೆ. ಬೆರಳು ಕೂಡಿಸಿ ಅಂಗೈಯನ್ನು ಒಮ್ಮೆ ಅದುಮಿದಳೆಂದರೆ ಅಳತೆ ಸಿಕ್ಕಿತು. ಬಳೆಯನ್ನು ಗಿರಾಕಿಯ ಕೈಗೆ ಕೊಟ್ಟು ಸಾಗಹಾಕುವುದು ಅವಳ ಜಾಯಮಾನವಲ್ಲ. ಇಡಿಸಲು ಕೂತರೆ ಕೈ ತುಂಬುವವರೆಗೆ ಏಳುವುದೂ ಇಲ್ಲ. ಮಳೆ ಬರಲಿ, ಬಸ್ಸು ಹೋಗಲಿ. "ಚಲೋ ಅದಾವ್ರಿ" ಎಂದು ಸುಮ್ಮನೆ ಎದ್ದು ಹೋಗುವ ಗಿರಾಕಿಯ ಮೇಲೆ ಅವಳಿಗೆ ನಂಬಿಕೆಯಿಲ್ಲ. ಬಣ್ಣ ಸರಿಯಿಲ್ಲ, ಹೋದ ಸಲದ್ದೇ ಚೆನ್ನಾಗಿತ್ತು ಎಂದು ತಕರಾರು ತೆಗೆಯುವವಳೇ ಮತ್ತೆ ಬರುವವಳು ಎನ್ನುತ್ತಾಳೆ.

ಇಂಥ ಸೋನಾಬಾಯಿ ಹೋದ ವರ್ಷದ ನಾಗರಪಂಚಮಿಗೆ ಒಂದು ತಪ್ಪು ಮಾಡಿದಳು.

ಮುಗಳಖೋಡದ ಹೊರಗೆ ಎಚ್‌ಐವಿ ಇರುವ ಮಕ್ಕಳ ಆಶ್ರಮವೊಂದಿದೆ. ಅದನ್ನು ನೋಡಿಕೊಳ್ಳುವ ದ್ರೌಪದಿ ಶೇಡಬಾಳದ ಮಗಳು. ಅವಳ ಮದುವೆಗೆ ಬಳೆ ಇಡಿಸಿದ್ದು ಸೋನಾಬಾಯಿಯೇ. "ಮೌಶಿ, ಪಂಚಮಿಗೆ ಹೆಣ್ಮಕ್ಕಳೆಲ್ಲಾ ತವರಿಗೆ ಹೋಗಿ ಬಳಿ ಇಟಗೋತಾರ. ನಮ್ಮ ಹುಡಿಗ್ಯಾರಿಗೆ ನೀನ ಬಾ," ಎಂದು ಕರೆದಳು. ಸೋನಾಬಾಯಿ ಹೂಂ ಎಂದಳೇನೋ ಸರಿ, ಹೊರಡುವ ದಿನ ಒಳಗೊಳಗೇ ಪುಕುಪುಕು. ಗಾಜು ಒಡೆದು ಚುಚ್ಚಿದರೆ? ರಕ್ತ ಬಂದರೆ? ಯಾರನ್ನೂ ಕೇಳದೆ ಚೀಲದ ತುಂಬ ಪ್ಲಾಸ್ಟಿಕ್ ಬಳೆ ತುಂಬಿಕೊಂಡು ಹೋದಳು. ಚಾಪೆಯ ಮೇಲೆ ಸುರುವಿ, "ನೀವ ಇಟಗೋರೆವ್ವಾ, ನನಗ ಬಸ್ಸಿಗೆ ಹೊತ್ತಾತು," ಎಂದಳು.

ಹನ್ನೆರಡು ವರ್ಷದ ಕಾಂಚನ ಎಂಬ ಹುಡುಗಿ ಒಂದು ಬಳೆ ಎತ್ತಿ, ಉಗುರಿನಿಂದ ಬಡಿದು ನೋಡಿದಳು.

"ಆಯಿ, ನಮಗ ಗಾಜಿನವು ಇಡಸಂಗಿಲ್ಲೇನ್ರಿ?"

ಉತ್ತರಕ್ಕೆ ಕಾಯಲಿಲ್ಲ. ಬಳೆಯನ್ನು ಇದ್ದಲ್ಲೇ ಇಟ್ಟು ಒಳಗೆ ಹೋದಳು.

ಸೋನಾಬಾಯಿಯ ಕೆನ್ನೆಗೆ ಬಾರಿಸಿದಂತಾಯಿತು. ಮರುವಾರವೇ ದವಾಖಾನೆಯ ನರ್ಸಬಾಯಿಯನ್ನು ಹಿಡಿದು ಕೂತಳು. ಕೈ ಹಿಡಿದರೆ ಬರುವ ರೋಗವಲ್ಲ, ದಿನಾ ಗುಳಿಗೆ ತಗೊಂಡರೆ ಆ ಮಕ್ಕಳೂ ಎಲ್ಲರಂತೆ ಓದಿ ಬೆಳೆಯುತ್ತಾರೆ, ಗಾಯವಾದರೆ ತೊಳೆದು ಪಟ್ಟಿ ಹಚ್ಚಿದರಾಯಿತು ಎಂದು ಆಕೆ ಬಿಡಿಸಿ ಹೇಳಿದಳು. ಮೊದಲೇ ಕೇಳಬಾರದಿತ್ತೆ ಎಂದು ಸೋನಾಬಾಯಿ ತನ್ನನ್ನೇ ಬೈದುಕೊಂಡಳು. ಇಡೀ ಸೀಮೆಯ ಕೈ ಹಿಡಿದವಳಿಗೆ, ಹಿಡಿಯದೆ ಬಿಟ್ಟ ಆ ಒಂದು ಕೈ ವರ್ಷವೆಲ್ಲ ಕೊರೆಯಿತು. ಆ ಹುಡುಗಿ ತನ್ನ ಮುಂದೆ ಮತ್ತೆ ಕೈ ಚಾಚುತ್ತಾಳೋ ಇಲ್ಲವೋ?

ಈ ವರ್ಷ ಪಂಚಮಿಯ ಹಿಂದಿನ ದಿನ ರಾಯಬಾಗದಲ್ಲಿ ಬಸ್ಸು ಬದಲಿಸಿ, ಗಾಜಿನ ಬಳೆಗಳ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಒಳಗೆ ಶೇಂಗಾ ಉಂಡಿಯ ಘಮ. ಹುಡುಗಿಯರು ಒಬ್ಬೊಬ್ಬರಾಗಿ ಎದುರಿಗೆ ಕೂತರು. ಸೋನಾಬಾಯಿ ಪ್ರತಿಯೊಂದು ಕೈಯನ್ನೂ ಹಿಡಿದು, ಅದುಮಿ, ಚುಕ್ಕಿಯ ಹಸಿರು ಬಳೆ ಏರಿಸಿದಳು. "ಏನ ಬೇ ಇಷ್ಟ ಬಿರಸ ಕೈ? ಕಬ್ಬ ಕಡ್ಯಾಕ ಹೊಕ್ಕಿಯೇನ?" ಎಂದರೆ ಅಂಗಳವೆಲ್ಲ ನಗು.

ಕಾಂಚನ ಮಾತ್ರ ಜೋಕಾಲಿಯ ಹಗ್ಗ ಹಿಡಿದು ದೂರ ನಿಂತಿದ್ದಳು.

"ಬಾ ಯವ್ವಾ," ಎಂದಳು ಸೋನಾಬಾಯಿ. "ಹ್ವಾದ ವರ್ಷ ನಂದ ತಪ್ಪಾತು. ನಾ ಅಂಜಿದ್ದೆ."

ಹುಡುಗಿ ಬಂದು ಕೂತಳು. ಆದರೆ ಚಾಚಿದ ಕೈ ಕಟ್ಟಿಗೆಯಂತೆ ಬಿಗಿದಿತ್ತು. ಎರಡು ಬಳೆ ಹೇಗೋ ಏರಿದವು. ಮೂರನೆಯದು ಚಟ್ಟನೆ ಒಡೆಯಿತು. ಮಣಿಕಟ್ಟಿನ ಮೇಲೆ ಸಣ್ಣ ಕೆಂಪು ಗೆರೆ ಮೂಡಿತು.

"ಮುಟ್ಟಬ್ಯಾಡ್ರಿ ಆಯಿ!" ಕೈ ಕಿತ್ತುಕೊಂಡು ಕಾಂಚನ ನಳದ ಕಡೆ ಓಡಿದಳು. ದ್ರೌಪದಿ ಅರಳೆ, ಪಟ್ಟಿ ಹಿಡಿದು ಹಿಂದೆಯೇ ಹೋದಳು. ಅಂಗಳದ ನಗು ನಿಂತಿತು. ಹುಡುಗಿಯರೆಲ್ಲ ಸೋನಾಬಾಯಿಯನ್ನೇ ನೋಡುತ್ತಿದ್ದರು, ಈಗ ಚೀಲ ಕಟ್ಟುತ್ತಾಳೆ ಎಂಬಂತೆ.

ಅವಳ ಅಂಜಿಕೆ ಪೂರ್ತಿ ಹೋಗಿರಲಿಲ್ಲ, ಸುಳ್ಳು ಯಾಕೆ? ಆದರೂ ಏಳಲಿಲ್ಲ. ಉಳಿದ ಬಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂಗಿದಳು: "ಕಾಂಚನಾ, ತೊಳಕೊಂಡ ಬಾರವ್ವಾ! ಇನ್ನೂ ನಾಕ ಉಳದಾವ. ಅರ್ಧ ಕೈ ಬಿಟ್ಟ ಎದ್ದ ಹೋಗಾಕಿ ಅಲ್ಲ ನಾ."

ರಸ್ತೆಯಲ್ಲಿ ಹಾರ್ನು ಕೇಳಿಸಿತು. "ಮೌಶಿ, ನಿನ್ನ ಬಸ್ ಹೊಂಟೈತಿ," ಎಂದು ನಳದ ಕಡೆಯಿಂದಲೇ ಕೂಗಿದಳು ದ್ರೌಪದಿ.

"ಹೋಗಲಿ ಬಿಡು."

ಸ್ವಲ್ಪ ಹೊತ್ತಿಗೆ ಕಾಂಚನ ಬಂದಳು. ಎದುರಿಗೆ ಕೂತು, ಪಟ್ಟಿ ಹಚ್ಚಿದ ಅದೇ ಕೈಯನ್ನು ತಾನಾಗಿ ಚಾಚಿದಳು. ಸೋನಾಬಾಯಿ ಹಿಡಿದು ಮೆಲ್ಲಗೆ ಅದುಮಿದಳು. ಬಿಗಿ ಬಿಟ್ಟಿತ್ತು, ಹನ್ನೆರಡು ದಾಟಿದ ಹುಡುಗಿಯ ಮೆತ್ತನೆಯ ಕೈ. ನಾಲ್ಕೂ ಬಳೆ ಸರಾಗ ಏರಿದವು, ಆಮೇಲೆ ಇನ್ನೊಂದು ಕೈಯೂ ತುಂಬಿತು. ಪದ್ಧತಿಯಂತೆ ಹುಡುಗಿ ಬಗ್ಗಿ ನಮಸ್ಕಾರ ಮಾಡಿದಾಗ ಬಳೆಗಾರ್ತಿ ಆಶೀರ್ವಾದಕ್ಕೆಂದು ಮೇಲೊಂದು ಬಳೆ ಇಡಿಸಿದಳು.

ಕಾಂಚನ ಎರಡೂ ಕೈ ಅಲ್ಲಾಡಿಸಿ ಸದ್ದು ಕೇಳಿದಳು. ಆಮೇಲೆ ಮೂಗು ಮುರಿದಳು.

"ಹಸರ ಎಲ್ಲಾರೂ ಇಟಗೋತಾರ್ರಿ ಆಯಿ. ಮುಂದಿನ ಪಂಚಮಿಗೆ ನನಗ ನೀಲಿ ತರ್ರಿ. ಇವಕ್ಕ ಚುಕ್ಕಿನೂ ಸಮ ಇಲ್ಲ."

"ಏನ ತಕರಾರ ಬೇ ನಿಂದು!" ಎಂದು ಸೋನಾಬಾಯಿ ಗದರಿದಳು. ಕಣ್ಣು ತುಂಬಿ ಬಂದು ಚೀಲದ ದಾರ ಕಾಣಿಸಲಿಲ್ಲ. ಮುಂದಿನ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಇರಲಿ, ಕಾಯಂ ಗಿರಾಕಿಯೊಬ್ಬಳು ಸಿಕ್ಕಿದ್ದಳು.