ಮಸೀದಿ ಬಾಗಿಲಲ್ಲಿ ಹೆಡ್ ಮಾಸ್ತರರು

ಎಂಬತ್ತರ ದಶಕದ ಆರಂಭ. ನಾನು ಮಾನ್ವಿಯಲ್ಲಿ ಹತ್ತನೇ ಕ್ಲಾಸಿನಲ್ಲಿದ್ದೆ. ಅಬ್ಬಾನದು ಬಜಾರಿನಲ್ಲಿ ಬಳೆ ಅಂಗಡಿ. ಆ ವರ್ಷ ದೇವದುರ್ಗದಿಂದ ವರ್ಗವಾಗಿ ಬಂದ ಹೆಡ್ ಮಾಸ್ತರರು ವೈಷ್ಣವರು. ಕಚ್ಚೆಪಂಚೆ, ಮೈಮೇಲೆ ಮುದ್ರೆ, ಜೊತೆಗೆ ಕೆಟ್ಟ ಹಟ. ಪರೀಕ್ಷೆ ಹತ್ತಿರ ಬಂತೆಂದರೆ ನಸುಕಿನಲ್ಲೇ ಸ್ನಾನ ಮುಗಿಸಿ ಓಣಿ ಓಣಿ ತಿರುಗುತ್ತಿದ್ದರು. ಮನೆ ಮುಂದೆ ನಿಂತು ಹುಡುಗರ ಹೆಸರು ಹಿಡಿದು ಕೂಗುವುದು, ಒಳಗೆ ದೀಪ ಹತ್ತಿ ಓದುವ ದನಿ ಕೇಳಿದ ಮೇಲೆಯೇ ಮುಂದಿನ ಮನೆಗೆ ಹೋಗುವುದು ಅವರ ಪದ್ಧತಿ.

ಒಂದು ದಿನ ನಮ್ಮ ಓಣಿಗೂ ಬಂದರು. ನನ್ನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದರು.

ಪಾಪ, ಅವರಿಗೇನು ಗೊತ್ತು? ನಮ್ಮ ಓಣಿಯಲ್ಲಿ ದೊಡ್ಡವಳಾದ ಹುಡುಗಿಯ ಹೆಸರನ್ನು ಹೆತ್ತವಳೂ ಬೀದಿಗೆ ಕೇಳುವಂತೆ ಕರೆಯುತ್ತಿರಲಿಲ್ಲ. ಹೊತ್ತೇರುವುದರೊಳಗೆ ಮಾತು ಬಜಾರು ಮುಟ್ಟಿತು. ಅಬ್ಬಾನ ಅಣ್ಣ, ನಾವು ಬಡೇ ಅಬ್ಬಾ ಎನ್ನುತ್ತಿದ್ದವರು, ಊರಿಗೆ ಉಪಕಾರಿ ಮನೆಗೆ ಮಾರಿ. ಅವತ್ತೇ ಬಂದು ಕೂತು, ನನ್ನ ಶಾಲೆ ಬಿಡಿಸಿ ಒಂದು ಸಂಬಂಧವನ್ನೂ ಹೇಳಿ ಹೋದರು. ಅಬ್ಬಾ ತಲೆ ಎತ್ತಲಿಲ್ಲ. ನನ್ನ ಪುಸ್ತಕಗಳು ಅಟ್ಟ ಸೇರಿದವು. ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಅಳುವುದಕ್ಕೂ ನನಗೆ ಹೆದರಿಕೆಯಾಗುತ್ತಿತ್ತು.

ಯಾರಿಂದಲೋ ಸಂಗತಿ ತಿಳಿದು ಹೆಡ್ ಮಾಸ್ತರರು ಅಂಗಡಿಗೆ ಹೋದರು. ಅಬ್ಬಾ ಬಳೆ ಜೋಡಿಸುತ್ತಲೇ ಇದ್ದನಂತೆ, ಬರ್ರಿ ಎನ್ನಲೂ ಇಲ್ಲ. ಮರುದಿನ ನಸುಕಿನಲ್ಲಿ ತಂಗಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಕಿಟಕಿಯ ಪರದೆ ಸರಿಸಿ ನೋಡಿದರೆ, ಎದುರಿನ ಮಸೀದಿ ಬಾಗಿಲಲ್ಲಿ ಅವರೊಬ್ಬರೇ ನಿಂತಿದ್ದರು. ನಮಾಜು ಮುಗಿಸಿ ಹಿರಿಯರೆಲ್ಲ ಹೊರಗೆ ಬರುತ್ತಿದ್ದರು. ಅವರ ನಡುವೆ ಅಬ್ಬಾ, ಪಕ್ಕದಲ್ಲಿ ಬಡೇ ಅಬ್ಬಾ. ಇನ್ನೊಂದು ಮಾತು ಎಡವಟ್ಟಾದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಸಾಹೇಬ್ರ, ತಪ್ಪು ನಂದು," ಎಂದರು ಹೆಡ್ ಮಾಸ್ತರರು, ಎಲ್ಲರಿಗೂ ಕೇಳುವಂತೆ. "ಈ ಓಣಿ ರೀತಿ ನನಗ ಗೊತ್ತಿರಲಿಲ್ಲ. ನನಗ ಬೈರಿ. ಹುಡುಗಿಗ್ಯಾಕ ಶಿಕ್ಷಾ?"

"ಮಾತು ಮುಗದದ ಮಾಸ್ತರ. ಶಾದಿ ಗೊತ್ತು ಮಾಡಾಕತ್ತೀವಿ," ಎಂದರು ಬಡೇ ಅಬ್ಬಾ.

"ಪರೀಕ್ಷಾ ಮುಗೀಲಿ, ಆಮ್ಯಾಲ ನಿಮ್ಮಿಷ್ಟ." ಅವರು ಅಬ್ಬಾನ ಕಡೆಗೇ ತಿರುಗಿದರು. "ನಾ ಇನ್ನ ಈ ಓಣ್ಯಾಗ ಕಾಲಿಡಂಗಿಲ್ಲ. ನಮಾಜಿಗೆ ದಿನಾ ಏಳ್ತೀರಲ್ಲ, ಇಲ್ಲಿ ಮಕ್ಕಳನ್ನೆಲ್ಲ ನೀವ ಎಬ್ಬಸ್ರಿ. ಯಾರು ಓದಾಕತ್ತಾರ, ಯಾರು ಮಲಗ್ಯಾರ, ನೀವು ಹೇಳಿದ್ದ ನನಗ ಖರೇ."

ತಂಗಿಯ ಉಗುರು ನನ್ನ ಮುಂಗೈಗೆ ನಾಟಿತ್ತು. ಸರಕಾರಿ ಮನುಷ್ಯನೊಬ್ಬ ಅಬ್ಬಾನಿಗೆ ಒಂದು ಕೆಲಸ ಒಪ್ಪಿಸಿ, ನಿಮ್ಮ ಮಾತು ಖರೇ ಎಂದದ್ದು ಅದೇ ಮೊದಲು. ಅಬ್ಬಾ ಒಮ್ಮೆ ಅಣ್ಣನ ಮುಖ ನೋಡಿದ, ಒಮ್ಮೆ ನೆಲ ನೋಡಿದ.

"ಎಬ್ಬಸ್ತೀನ್ರಿ ಸರ," ಎಂದ.

ಬಡೇ ಅಬ್ಬಾ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟರು. ಬಹಳ ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ, ಅವರು ತಂದ ಸಂಬಂಧವೂ ಅಲ್ಲಿಗೇ ನಿಂತಿತು. ಅಬ್ಬಾ ಮಾತ್ರ ದಿನವೂ ಬಾಗಿಲು ಬಾಗಿಲಿಗೆ ಹೋಗಿ ಕದ ತಟ್ಟಿದ. ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದ ಇನ್ನಿಬ್ಬರು ಹುಡುಗಿಯರ ಅಪ್ಪಂದಿರನ್ನೂ ಅವನೇ ಒಪ್ಪಿಸಿದ. ನಾನು ಪಾಸಾದೆ. ರಾಯಚೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿ, ಮುಂದೆ ನೌಕರಿಯನ್ನೂ ಹಿಡಿದೆ.

ನಾನಿನ್ನೂ ತರಬೇತಿಯಲ್ಲಿದ್ದಾಗಲೇ ಹೆಡ್ ಮಾಸ್ತರರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಕೆಟ್ಟವರೇನಲ್ಲ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು, ಅಷ್ಟೇ. ತಂಗಿ ಹತ್ತನೇ ಕ್ಲಾಸಿಗೆ ಬಂದ ವರ್ಷ ಬಡೇ ಅಬ್ಬಾ ಮತ್ತೆ ಸಂಬಂಧ ಹಿಡಿದು ಬಂದರು. ಅಬ್ಬಾ ಇವತ್ತು ನಾಳೆ ಎಂದು ದಿನ ದೂಡಿದ. "ಸಾಲಿಯಿಂದ ಯಾರರ ಬಂದು ಕೇಳಿದ್ರ ನಾ ಇಲ್ಲ ಅಂತಿದ್ದಿಲ್ಲ," ಎಂದು ಆಮೇಲೆ ನನ್ನ ಮುಂದೆ ಹೇಳಿದ. ತಂಗಿ ಶಾಲೆಗೆ ಹೋಗುವುದು ನಿಂತು ವಾರಗಳೇ ಕಳೆದವು, ಯಾಕೆ ಬರುತ್ತಿಲ್ಲ ಎಂದು ಕೇಳಲು ಯಾರೂ ಬರಲಿಲ್ಲ. ಅಬ್ಬಾನ ಮೇಲಿನ ಸಿಟ್ಟು ನನಗೆ ಎಂದೋ ಇಳಿದಿದೆ. ಆ ಬಸ್ಸಿನ ಮಾಸ್ತರರ ಮೇಲಿನದು ಇನ್ನೂ ಇಳಿದಿಲ್ಲ.

ಆ ಬೇಸಿಗೆಯಲ್ಲಿ ಅವಳು ಮದುವೆಯಾಗಿ ಕುರ್ಡಿ ಹಳ್ಳಿಗೆ ಹೋದಳು. ನಮ್ಮಿಬ್ಬರಲ್ಲಿ ಜಾಣೆ ಅವಳೇ.