ಗುಲಾಬಿ ವಾಸನೆಯ ಹುಲ್ಲೆಣ್ಣೆ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಊರಿಗೆ ಅದು ಗೊತ್ತಿರಲಿಲ್ಲ; ಗೊತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ತೀರಿಹೋಗಿ ಹನ್ನೊಂದು ವರ್ಷವಾಯಿತು. ಅವಳಿಗೆ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನಲವತ್ತರ ದಶಕದ ಮೊದಮೊದಲು ನಾನು ಗಂಗಾವತಿಯ ಹತ್ತಿರದ ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಹೈಸ್ಕೂಲು ಮುಗಿಸಿದವನೆಂಬ ಜಂಬ ಮೈತುಂಬ ಇತ್ತು. ವಿಜಯನಗರದ ಕಾಲದ ಕಾಲುವೆಯ ಕೆಳಗೆ ನಮ್ಮದೊಂದು ತುಂಡು ಗದ್ದೆ. ನಾಟಿಯ ದಿನಗಳಲ್ಲಿ ಹೆಂಡತಿ ಇಡೀ ದಿನ ಕೆಸರಿನಲ್ಲಿ ನಿಲ್ಲುವಳು. ಆ ವರ್ಷ ಅವಳ ಕಾಲ್ಬೆರಳ ಸಂದುಗಳು ಬೆಂದಂತೆ ಬೆಳ್ಳಗಾಗಿ, ತುರಿಸಿ, ಒಡೆದವು. ಕಾಲುಂಗುರದ ಕೆಳಗೇ ಹೆಚ್ಚು. ನನ್ನ ಅವ್ವ ಏನೋ ಸೊಪ್ಪು ಅರೆದು ಹಚ್ಚಲು ಹೋದಾಗ ನಾನು ಅದನ್ನು ತಿಪ್ಪೆಗೆ ಚೆಲ್ಲಿದೆ. "ನಿನ್ನ ಹಳ್ಳಿ ಮದ್ದು ನನ್ನ ಮನ್ಯಾಗ ಬ್ಯಾಡ. ಸರಕಾರಿ ದವಾಖಾನಿ ಐತಿ" ಎಂದೆ.

ಹೇಳಿದವನೇ ಹೆಂಡತಿಯನ್ನು ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಕಂಪೌಂಡರ್ ನನ್ನ ಜೊತೆ ಓದಿದವನು. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ. ಮುಲಾಮು ಹಚ್ಚುತ್ತ, "ಲೇ ಮಾಸ್ತರ, ಇಂಥಾ ಪಾದ ಕೆಸರಾಗ ಇಳಸ್ತೀಯಲ್ಲೋ!" ಎಂದ. ಹೆಂಡತಿ ನಕ್ಕಳು. ಮದುವೆಯಾಗಿ ಮೂರು ವರ್ಷವಾಗಿದ್ದರೂ ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕಿರಲಿಲ್ಲ.

ಮುಲಾಮು ಹಿಡಿಯಲಿಲ್ಲ. ಅವ್ವ ತವರಿಗೆ ಹೋದ ದಿನ ಸಂಜೆ ಶಾಲೆಯಿಂದ ಬಂದರೆ ಅಡುಗೆಮನೆಯಲ್ಲಿ ಗುಲಾಬಿಯ ವಾಸನೆ. ಗೋಡೆಯ ಗೂಡಿನಲ್ಲಿ ಕಾಲುಂಗುರ ಬಿಚ್ಚಿಟ್ಟಿದ್ದಳು. ಪಕ್ಕದಲ್ಲಿ ದವಾಖಾನೆಯ ಸೀಸೆ, ಹೊತ್ತುಹೊತ್ತಿನ ಅಳತೆ ತೋರಿಸುವ ಕಾಗದದ ಪಟ್ಟಿಯ ಸಮೇತ.

"ಏನಿದು?"

"ಕಾಲಿಗೆ ಮದ್ದು ರೀ."

"ಯಾರು ಕೊಟ್ಟಾರ?"

ಅವಳು ನೆಲ ನೋಡಿದಳು.

"ಬಾಯಿ ಬಿಡು. ಗಂಡ ಬದುಕಿರೂವಾಗ ಕಾಲುಂಗರ ತಗದು ಯಾವನ ಅತ್ತರ ಹಚ್ಕೊಳ್ಳಾಕತ್ತೀ?"

ನಾನು ಸೀಸೆಯನ್ನು ಅಂಗಳದ ಕಲ್ಲಿಗೆ ಬಡಿದೆ. ಕಾಲುಂಗುರವನ್ನು ನಾನೇ ತೊಡಿಸಿ, ಮತ್ತೆ ಬಿಚ್ಚದಂತೆ ಇಕ್ಕಳದಿಂದ ಬಿಗಿದೆ. ಅವಳು ಸೆರಗು ಕಚ್ಚಿಕೊಂಡು ಕೂತಿದ್ದಳು. ಬಿಗಿಯುವಾಗ ನನಗೆ ಸಮಾಧಾನವಾಗಿತ್ತು. ಇದನ್ನೂ ಬರೆಯಲೇಬೇಕು.

ಎಂಟು ದಿನಕ್ಕೆ ಅವ್ವ ಯಲಬುರ್ಗಾ ಕಡೆಯ ತನ್ನ ತವರಿನಿಂದ ಬಂದಳು. ಅಷ್ಟರಲ್ಲಿ ಸೊಸೆಯ ಬೆರಳು ಬಾತು ಕೀವು ತುಂಬಿತ್ತು. ಉಂಗುರ ಮಾಂಸದಲ್ಲಿ ಹುಗಿದುಹೋಗಿತ್ತು.

"ಹೋಗೂ ಮುಂದ ಎಣ್ಣಿ ಕೊಟ್ಟು ಹೋಗಿದ್ನೆಲ್ಲ, ಹಚ್ಚಲಿಲ್ಲೇನ ಯವ್ವಾ?"

ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಾಡಿದ್ದನ್ನು ನಾನೇ ಹೇಳಬೇಕಾಯಿತು.

"ಅದು ರೋಸಾ ಹುಲ್ಲಿನ ಎಣ್ಣಿಪಾ, ಗುಲಾಬಿ ವಾಸನಿದು," ಎಂದಳು ಅವ್ವ. "ನಮ್ಮ ಗುಡ್ಡದಾಗ ಹುಲ್ಲು ಕುದಿಸಿ ಇಳಸ್ತಾರ. ಉಪ್ಪಿನಕಾಯಿ ಗಡಿಗಿ ಬಾಯಿಗೆ ಕಟ್ಟೂ ಅರಿವಿಗೆ ಸವರತೀನಿ, ಬೂಸು ಬರಂಗಿಲ್ಲ. ಈಕಿ ಬೆರಳಿಗೆ ಹಿಡದದ್ದೂ ಅಂಥಾದ ಬೂಸು. ನೀ ಬೈತೀ ಅಂತ ನಾನ ಆಕಿಗೆ ಹೇಳಬ್ಯಾಡ ಅಂದಿದ್ದೆ. ಸೀಸೆ ನೀ ಕೆಮ್ಮಿಗೆ ಕುಡದದ್ದು. ಗುರ್ತು ಹತ್ತಲಿಲ್ಲೇನೋ ಶಾಣ್ಯಾ?"

ಅಕ್ಕಸಾಲಿಗ ಅರದಿಂದ ಉಂಗುರ ಕೊಯ್ದು ತೆಗೆದ. ದವಾಖಾನೆಯಲ್ಲಿ ಕೀವು ತೆಗೆದರು. ಗಾಯ ಒಣಗಿದ ಮೇಲೆ ನಾನೇ ಹುಲ್ಲು ಕುದಿಸುವವರ ಬಳಿಗೆ ಹೋಗಿ ಎಣ್ಣೆ ತಂದೆ. ಅವ್ವ ಅದನ್ನು ಕುಸುಬಿ ಎಣ್ಣೆಯಲ್ಲಿ ನಾಲ್ಕೇ ಹನಿ ಬೆರೆಸಿಕೊಟ್ಟಳು. ಹಚ್ಚಲೆಂದು ನಾನು ಕೂತರೆ ಹೆಂಡತಿ ಕಾಲು ಹಿಂದಕ್ಕೆಳೆದು, "ಕೊಡ್ರಿ, ನಾನ ಹಚ್ಕೊತೀನಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಂಗಳೊಳಗೆ ಸಂದುಗಳ ಬಿಳುಪು ಹೋಗಿ ಚರ್ಮ ಕೂಡಿತು. ಸುವಾಸನೆಯ ಹುಲ್ಲು, ಸೊಪ್ಪು, ಕಾಳುಗಳ ಎಣ್ಣೆಗೆ ಬೂಸನ್ನು, ಅಂದರೆ ಶಿಲೀಂಧ್ರವನ್ನು, ಕೊಲ್ಲುವ ಗುಣವಿದೆ ಎಂದು ಎಷ್ಟೋ ವರ್ಷಗಳ ಮೇಲೆ ಡಾಕ್ಟರೊಬ್ಬರು ನನಗೆ ಹೇಳಿದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ.

ಕಾಲು ನೆಟ್ಟಗಾಯಿತು. ಆದರೆ ಅಂದಿನಿಂದ ಅವಳು ಹೊರಗೆ ಹೋಗಿ ಬಂದಾಗಲೆಲ್ಲ ನಾನು ಕೇಳುವ ಮೊದಲೇ ಹೇಳುವಳು: "ಗುಡಿಗೆ ಹೋಗಿದ್ನಿರಿ, ಊದಿನಕಡ್ಡಿ ವಾಸನಿ." "ಬಾಜೂ ಮನಿ ಅಕ್ಕ ಮಲ್ಲಿಗಿ ಮುಡಿಸಿದ್ಲ್ರಿ." ಮುದುಕಿಯಾದ ಮೇಲೂ ಬಿಡಲಿಲ್ಲ. ಮೊಮ್ಮಗಳು ತಲೆಗೆ ಹೊಸ ಎಣ್ಣೆ ಹಚ್ಚಿದರೂ ಬಂದು ತಿಳಿಸುವಳು. ಇದನ್ನೆಲ್ಲ ನನಗೆ ಹೇಳಬೇಕಾಗಿಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನಿಜವೆಂದರೆ, ಅವಳು ಹೇಳಲಿ ಎಂದು ನಾನು ಪ್ರತಿ ಸಲವೂ ಕಾಯುತ್ತಿದ್ದೆ.